ಐಬಿಎಸ್‌ಗೆ ಪರ್ಯಾಯ ಚಿಕಿತ್ಸೆ: ಡಾಕ್ಟರನ್ನು ಕೇಳುವುದು ಹೇಗೆ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ತೊಂದರೆಯ ಸುತ್ತ ಇವೆ. ಹೊಟ್ಟೆ ನುಲಿತ, ಉಬ್ಬರ, ಒಂದು ದಿನ ಭೇದಿ, ಆಮೇಲೆ ಮೂರು ದಿನ ಮಲಬದ್ಧತೆ. ಪರೀಕ್ಷೆ ಮಾಡಿಸಿದರೆ ಎಲ್ಲ ಸರಿಯಿದೆ ಎನ್ನುವ ರಿಪೋರ್ಟು. ಡಾಕ್ಟರು ಕೊಟ್ಟ ಮಾತ್ರೆಯಿಂದ ಅರ್ಧ ಗುಣ ಕಂಡವರು ಉಳಿದರ್ಧಕ್ಕೆ ಬೇರೆ ದಾರಿ ಹುಡುಕುತ್ತಿದ್ದಾರೆ. ಆದರೆ ಆ ದಾರಿಯ ವಿಷಯವನ್ನು ಅದೇ ಡಾಕ್ಟರ ಮುಂದೆ ಎತ್ತಲು ಹಿಂಜರಿಯುತ್ತಿದ್ದಾರೆ. ಹಾಗಾಗಿ ಇಡೀ ಅಂಕಣ ಈ ಸಲ ಈ ತೊಂದರೆಗೇ, ಅಂದರೆ ಐಬಿಎಸ್‌ಗೇ (ಇರಿಟಬಲ್ ಬವೆಲ್ ಸಿಂಡ್ರೋಮ್) ಮೀಸಲು.

ಪ್ರಶ್ನೆ: ನಾಲ್ಕು ವರ್ಷದಿಂದ ಐಬಿಎಸ್ ಇದೆ. ಗಿಡಮೂಲಿಕೆ, ಹಿಪ್ನೋಥೆರಪಿ (ಸಮ್ಮೋಹನ ಚಿಕಿತ್ಸೆ), ಇಂಥ ಪರ್ಯಾಯ ಚಿಕಿತ್ಸೆ ಏನಾದರೂ ನೋಡಬಹುದೇ ಎಂದು ಕೇಳಿದೆ. "ಅದಕ್ಕೆಲ್ಲ ಪುರಾವೆ ಇಲ್ಲ" ಎಂದು ಡಾಕ್ಟರು ಮಾತು ಮುಗಿಸಿಬಿಟ್ಟರು. ಇವರಿಗೆ ಯಾಕಿಷ್ಟು ತಾತ್ಸಾರ?

ಉತ್ತರ: ಪರ್ಯಾಯ ಚಿಕಿತ್ಸೆ ಎನ್ನುವ ಒಂದೇ ಚೀಲದಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಹತ್ತಾರು ವಸ್ತುಗಳನ್ನು ತುಂಬಿದ್ದೇವೆ. ಪೆಪ್ಪರ್‌ಮಿಂಟ್ ಎಣ್ಣೆ, ಹಿಪ್ನೋಥೆರಪಿ, ಅಕ್ಯುಪಂಕ್ಚರ್, ಪ್ರೊಬಯಾಟಿಕ್ (ಹಿತಕರ ಬ್ಯಾಕ್ಟೀರಿಯಾ), ಲೋಳೆಸರದ ರಸ, ಪಾದದ ಮಸಾಜು ಎಲ್ಲಕ್ಕೂ ಒಂದೇ ಹೆಸರು. ಚೀಲವನ್ನೇ ಮುಂದಿಟ್ಟು ಕೇಳಿದರೆ ಉತ್ತರವೂ ಇಡೀ ಚೀಲಕ್ಕೇ ಬರುತ್ತದೆ. ಬಿಡಿಬಿಡಿಯಾಗಿ ಕೇಳಿ ನೋಡಿ, ಅದೇ ಡಾಕ್ಟರು ಬೇರೆ ಮಾತಾಡುವ ಸಾಧ್ಯತೆ ಹೆಚ್ಚು.

ವೈದ್ಯರು ನೋಡುವ ಮಾರ್ಗಸೂಚಿಗಳೇ ಇದಕ್ಕೆ ಸಾಕ್ಷಿ. ಅಮೆರಿಕನ್ ಕಾಲೇಜ್ ಆಫ್ ಗ್ಯಾಸ್ಟ್ರೋಎಂಟರಾಲಜಿ 2021ರಲ್ಲಿ ಹೊರಡಿಸಿದ ಐಬಿಎಸ್ ಮಾರ್ಗಸೂಚಿ ಪೆಪ್ಪರ್‌ಮಿಂಟನ್ನು ಬಳಸಿ ನೋಡಬಹುದು ಎನ್ನುತ್ತದೆ. ಕರುಳನ್ನೇ ಗುರಿಯಾಗಿಸಿದ ಮಾನಸಿಕ ಚಿಕಿತ್ಸೆಗಳಿಗೂ ಅದು ಒಪ್ಪಿಗೆ ಕೊಟ್ಟಿದೆ. ಬ್ರಿಟನ್ನಿನಲ್ಲಿ ವೈದ್ಯರಿಗೆ ಮಾರ್ಗಸೂಚಿ ಬರೆಯುವ ನೈಸ್ ಸಂಸ್ಥೆ 2008ರಷ್ಟು ಹಿಂದೆಯೇ, 12 ತಿಂಗಳು ಔಷಧ ತೆಗೆದುಕೊಂಡರೂ ಗುಣ ಕಾಣದವರನ್ನು ಹಿಪ್ನೋಥೆರಪಿಗೆ ಕಳಿಸುವುದನ್ನು ಯೋಚಿಸಿ ಎಂದು ವೈದ್ಯರಿಗೆ ಹೇಳಿತ್ತು. ಅದೇ ಸಂಸ್ಥೆ ಐಬಿಎಸ್‌ಗೆ ಅಕ್ಯುಪಂಕ್ಚರ್ ಮತ್ತು ರಿಫ್ಲೆಕ್ಸಾಲಜಿಯನ್ನು (ಪಾದ ಒತ್ತುವ ಚಿಕಿತ್ಸೆ) ಪ್ರೋತ್ಸಾಹಿಸಬೇಡಿ, ಲೋಳೆಸರ ಬೇಡವೆಂದು ಹೇಳಿ ಎಂದೂ ಬರೆದಿದೆ. ಅಂದರೆ ತೂಗಿದ್ದು ಹಣೆಪಟ್ಟಿಯನ್ನಲ್ಲ, ಒಂದೊಂದನ್ನೂ ಬೇರೆಬೇರೆಯಾಗಿ.

ಹಾಗಿದ್ದರೂ ಡಾಕ್ಟರು ಹಿಂಜರಿಯುವುದಕ್ಕೆ ಕಾರಣಗಳಿವೆ, ಅವು ಸುಳ್ಳಲ್ಲ. ಐಬಿಎಸ್ ತಾನಾಗಿ ಏರಿಳಿಯುವ ತೊಂದರೆ. ತೀರಾ ಕೆಟ್ಟ ವಾರದಲ್ಲಿ ಏನನ್ನೇ ಶುರುಮಾಡಿದರೂ ಮುಂದಿನ ವಾರ ಸ್ವಲ್ಪ ಹಗುರವಾಗುವುದು ಸಹಜ. ಆ ಶ್ರೇಯಸ್ಸು ಹೊಸ ಔಷಧಕ್ಕೆ ಹೋಗುತ್ತದೆ. ಎರಡನೆಯದು, ಗಿಡಮೂಲಿಕೆಯ ಎರಡು ಬಾಟಲಿಗಳ ಮೇಲೆ ಒಂದೇ ಹೆಸರಿದ್ದರೂ ಒಳಗಿನ ಪ್ರಮಾಣ ಒಂದೇ ಇರುತ್ತದೆ ಎನ್ನುವ ಖಾತ್ರಿಯಿಲ್ಲ. ಪರೀಕ್ಷೆಯಾದ ವಸ್ತು ಒಂದು, ನೀವು ಕೊಳ್ಳುವುದು ಇನ್ನೊಂದು ಆಗಬಹುದು. ಎಲ್ಲಕ್ಕಿಂತ ದೊಡ್ಡ ಭಯ ಬೇರೆ ಕಾಯಿಲೆ ಅಡಗಿ ಕೂತಿರುವುದು. ಆರು ತಿಂಗಳು ಕಷಾಯ ಕುಡಿದು ಕೊನೆಗೆ ಕರುಳಿನ ಕ್ಯಾನ್ಸರ್ ಎಂದು ಗೊತ್ತಾದರೆ ಕಳೆದ ಆರು ತಿಂಗಳು ವಾಪಸು ಬರುವುದಿಲ್ಲ.

ಆದರೂ ಮಾತನ್ನು ಒಂದೇ ವಾಕ್ಯದಲ್ಲಿ ಮುಗಿಸಿದ್ದು ಸರಿಯಲ್ಲ ಎಂದೇ ನಮ್ಮ ಅಭಿಪ್ರಾಯ. ಹಾಗೆ ಬಾಗಿಲು ಹಾಕಿದರೆ ರೋಗಿ ಚಿಕಿತ್ಸೆ ಬಿಡುವುದಿಲ್ಲ, ಹೇಳುವುದನ್ನು ಬಿಡುತ್ತಾರೆ. ಮುಂದಿನ ಸಲ ಹೋದಾಗ ಪ್ರಶ್ನೆಯನ್ನು ಹೀಗೆ ಇಡಿ: "ಪೆಪ್ಪರ್‌ಮಿಂಟ್ ಎಣ್ಣೆಯ ಕ್ಯಾಪ್ಸೂಲನ್ನು ನಾಲ್ಕು ವಾರ ನೋಡೋಣ ಅಂದುಕೊಂಡಿದ್ದೇನೆ. ನನ್ನ ಈಗಿನ ಮಾತ್ರೆಗಳ ಜೊತೆ ತೊಂದರೆ ಆಗುತ್ತದೆಯೇ? ಗುಣ ಕಾಣದಿದ್ದರೆ ಯಾವಾಗ ನಿಲ್ಲಿಸಲಿ?" ವಸ್ತುವಿನ ಹೆಸರಿದೆ, ಅವಧಿಯಿದೆ, ನಿಲ್ಲಿಸುವ ಮಾತೂ ಇದೆ. ಇಂಥ ಪ್ರಶ್ನೆಗೆ "ಪುರಾವೆ ಇಲ್ಲ" ಎಂದಷ್ಟೇ ಹೇಳಿ ಕಳಿಸುವುದು ಕಷ್ಟ.

ಪ್ರಶ್ನೆ: ಗೋಧಿ ಬಿಟ್ಟ ಮೇಲೆ ಹೊಟ್ಟೆ ಹಗುರವಾಗಿದೆ. ಈಗ ಸೀಲಿಯಾಕ್ ಕಾಯಿಲೆ ಇದೆಯೇ ಎಂದು ರಕ್ತ ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತದೆಯೇ? ಇನ್ನೇನು ಪರೀಕ್ಷೆ ಬೇಕು?

ಉತ್ತರ: ಈಗ ಮಾಡಿಸಿದರೆ ಫಲಿತಾಂಶ ನಂಬುವಂತಿರುವುದಿಲ್ಲ. ಸೀಲಿಯಾಕ್ ಎಂದರೆ ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ಕರುಳಿಗೆ ಒಗ್ಗದ ಕಾಯಿಲೆ. ಅದರ ಪರೀಕ್ಷೆ ಹುಡುಕುವುದು ಗ್ಲುಟೆನ್‌ಗೆ ಉತ್ತರವಾಗಿ ದೇಹ ಹುಟ್ಟಿಸುವ ಪ್ರತಿಕಾಯಗಳನ್ನು. ಗ್ಲುಟೆನ್ ಹೊಟ್ಟೆಗೆ ಹೋಗದಿದ್ದರೆ ಅವು ಇಳಿದುಹೋಗುತ್ತವೆ, ಕಾಯಿಲೆ ಇದ್ದರೂ ಇಲ್ಲ ಎಂದೇ ಬರಬಹುದು. ಪರೀಕ್ಷೆಗೆ ಮುಂಚೆ ಕನಿಷ್ಠ 6 ವಾರ, ದಿನಕ್ಕೆ ಒಂದಕ್ಕಿಂತ ಹೆಚ್ಚು ಊಟದಲ್ಲಿ ಗೋಧಿ ಇರಬೇಕು. ಇಲ್ಲಿ ಆಗುವ ಸಾಮಾನ್ಯ ತಪ್ಪು ಇದೇ: ಮೊದಲು ಆಹಾರ ಬಿಟ್ಟು, ಆಮೇಲೆ ಪರೀಕ್ಷೆಗೆ ಹೋಗುವುದು.

ಐಬಿಎಸ್ ಎಂದು ಹೇಳಲು ರಾಶಿಗಟ್ಟಲೆ ಪರೀಕ್ಷೆ ಬೇಕಾಗಿಲ್ಲ. ತಜ್ಞರು ಐಬಿಎಸ್ ಗುರುತಿಸಲು ಗೊತ್ತುಮಾಡಿದ 2016ರ ರೋಮ್ 4 ಮಾನದಂಡದ ಪ್ರಕಾರ, ಕಳೆದ 3 ತಿಂಗಳಲ್ಲಿ ಸರಾಸರಿ ವಾರಕ್ಕೆ ಒಂದು ದಿನವಾದರೂ ಹೊಟ್ಟೆನೋವು ಇರಬೇಕು. ಆ ನೋವಿಗೆ ಮಲವಿಸರ್ಜನೆಯೊಂದಿಗೆ ಸಂಬಂಧ, ಎಷ್ಟು ಸಲ ಹೋಗುತ್ತೀರಿ ಎನ್ನುವುದರಲ್ಲಿ ಬದಲಾವಣೆ, ಮಲದ ರೂಪದಲ್ಲಿ ಬದಲಾವಣೆ ಇವುಗಳಲ್ಲಿ ಎರಡಾದರೂ ಸೇರಿರಬೇಕು. ತೊಂದರೆ ಶುರುವಾಗಿ 6 ತಿಂಗಳಾದರೂ ಆಗಿರಬೇಕು. ಇದರ ಜೊತೆ ರಕ್ತದ ಎಣಿಕೆ, ಸೀಲಿಯಾಕ್ ಪರೀಕ್ಷೆ, ಭೇದಿಯಿದ್ದರೆ ಮಲದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಪ್ರೋಟೀನಿನ ಪರೀಕ್ಷೆ ಸಾಕು. ಈ ಕೊನೆಯದು ಕರುಳಿನ ಉರಿಯೂತವನ್ನು ಐಬಿಎಸ್‌ನಿಂದ ಬೇರ್ಪಡಿಸಲು ಬಹಳ ಉಪಯುಕ್ತ.

ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಕಬ್ಬಿಣದ ಕೊರತೆಯ ರಕ್ತಹೀನತೆ, ನಿದ್ದೆಯಿಂದ ಎಬ್ಬಿಸುವ ಭೇದಿ, ಜ್ವರ, 50 ದಾಟಿದ ಮೇಲೆ ಹೊಸದಾಗಿ ಶುರುವಾದ ತೊಂದರೆ, ಮನೆಯವರಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಇತ್ತು ಎನ್ನುವುದು: ಇವುಗಳಲ್ಲಿ ಒಂದಿದ್ದರೂ ಈ ಅಂಕಣದ ಉಳಿದ ಭಾಗವನ್ನು ಪಕ್ಕಕ್ಕಿಟ್ಟು ಮೊದಲು ತಪಾಸಣೆಗೆ ಹೋಗಿ. 50 ದಾಟಿದ ಹೆಂಗಸರಿಗೆ ಹೊಸದಾಗಿ ಹೊಟ್ಟೆ ಉಬ್ಬರ ಬಂದು ಇಳಿಯದೇ ಇದ್ದರೆ ಅಂಡಾಶಯದ ಪರೀಕ್ಷೆಯೂ ಆಗಬೇಕು. ಅದನ್ನು ಐಬಿಎಸ್ ಎಂದು ತಳ್ಳಿಹಾಕಬಾರದು.

ಪ್ರಶ್ನೆ: ಪೆಪ್ಪರ್‌ಮಿಂಟ್ ಕ್ಯಾಪ್ಸೂಲ್ ತೆಗೆದುಕೊಂಡರೆ ಹೊಟ್ಟೆ ನುಲಿತ ಕಡಿಮೆಯಾಗುತ್ತದೆ, ಆದರೆ ಎದೆ ಉರಿಯುತ್ತದೆ. ಊಟವಾದ ಕೂಡಲೇ ತೆಗೆದುಕೊಳ್ಳುತ್ತೇನೆ. ಉರಿಗೆ ಆಂಟಾಸಿಡ್ ಕುಡಿದರೂ ಹೋಗುತ್ತಿಲ್ಲ.

ಉತ್ತರ: ನೀವು ಹೇಳಿದ ಎರಡು ಅಭ್ಯಾಸಗಳೇ ಉರಿಗೆ ಕಾರಣವಾಗಿರಬಹುದು.

ಪೆಪ್ಪರ್‌ಮಿಂಟ್ ಎಣ್ಣೆಯಲ್ಲಿರುವ ಮೆಂಥಾಲ್, ಸ್ನಾಯುವಿನೊಳಗೆ ಕ್ಯಾಲ್ಸಿಯಂ ನುಗ್ಗುವುದನ್ನು ತಡೆಯುತ್ತದೆ. ಬಿಗಿಹಿಡಿದ ಕರುಳು ಸಡಿಲವಾಗುವುದು ಹೀಗೆ. ಆದರೆ ಅನ್ನನಾಳದ ಕೆಳತುದಿಯ ಬಿಗಿಯೂ ಅಂಥದೇ ಸ್ನಾಯು. ಎಣ್ಣೆ ಜಠರದಲ್ಲೇ ಬಿಡುಗಡೆಯಾದರೆ ಆ ಬಿಗಿ ಸಡಿಲಗೊಂಡು ಆಮ್ಲ ಮೇಲೆ ಬರುತ್ತದೆ. ಹಾಗಾಗಬಾರದೆಂದೇ ಕ್ಯಾಪ್ಸೂಲಿನ ಮೇಲೆ ಲೇಪನ ಇರುತ್ತದೆ. ಅದು ಜಠರದ ಆಮ್ಲದಲ್ಲಿ ಕರಗುವುದಿಲ್ಲ, ಆಮ್ಲ ಕಡಿಮೆಯಿರುವ ಸಣ್ಣ ಕರುಳಿಗೆ ಬಂದ ಮೇಲೆ ಕರಗುತ್ತದೆ.

ಈಗ ನಿಮ್ಮ ಲೆಕ್ಕ ನೋಡಿ. ಊಟದ ಮೇಲೆ ನುಂಗಿದರೆ ಕ್ಯಾಪ್ಸೂಲ್ ಅನ್ನದ ಜೊತೆ ಜಠರದಲ್ಲೇ ಗಂಟೆಗಟ್ಟಲೆ ಉಳಿಯುತ್ತದೆ. ಅದರ ಮೇಲೆ ಆಂಟಾಸಿಡ್ ಕುಡಿದರೆ ಆಮ್ಲ ಇಳಿದು, ಕರುಳಿಗೆ ಬಂದೆ ಎಂದುಕೊಂಡು ಲೇಪನ ಅಲ್ಲೇ ಕರಗಿಬಿಡುತ್ತದೆ. ಆದ್ದರಿಂದ ಊಟಕ್ಕೆ 30ರಿಂದ 60 ನಿಮಿಷ ಮೊದಲು, ಒಂದು ಲೋಟ ತಣ್ಣೀರಿನ ಜೊತೆ ಇಡಿಯಾಗಿ ನುಂಗಿ. ಅಗಿಯಬೇಡಿ, ಬಿಡಿಸಿ ಎಣ್ಣೆ ಮಾತ್ರ ಕುಡಿಯಬೇಡಿ. ಆಂಟಾಸಿಡ್‌ಗೂ ಕ್ಯಾಪ್ಸೂಲಿಗೂ 2 ಗಂಟೆಯಾದರೂ ಅಂತರ ಇರಲಿ. ಆಮ್ಲ ಕಡಿಮೆ ಮಾಡುವ ಮಾತ್ರೆಯನ್ನು ದಿನವೂ ತೆಗೆದುಕೊಳ್ಳುವವರಾದರೆ ಅಂತರದಿಂದ ಪ್ರಯೋಜನವಿಲ್ಲ, ಡಾಕ್ಟರಿಗೆ ಹೇಳಿ.

ಸಾಮಾನ್ಯ ಪ್ರಮಾಣ 0.2 ಮಿಲಿಲೀಟರ್ ಎಣ್ಣೆಯ ಒಂದು ಕ್ಯಾಪ್ಸೂಲ್, ದಿನಕ್ಕೆ ಮೂರು ಸಲ. ನಾಲ್ಕು ವಾರದಲ್ಲಿ ಏನೂ ವ್ಯತ್ಯಾಸ ಕಾಣದಿದ್ದರೆ ಬಿಟ್ಟುಬಿಡಿ. ಇಷ್ಟಾಗಿಯೂ ಎದೆ ಉರಿದರೆ, ಅಥವಾ ಮೊದಲೇ ಆಸಿಡ್ ರಿಫ್ಲಕ್ಸ್ ಜೋರಾಗಿದ್ದರೆ, ಇದು ನಿಮಗೆ ಹೊಂದುವ ಔಷಧವಲ್ಲ. ಕೆಲವರಿಗೆ ಮಲವಿಸರ್ಜನೆಯ ಹೊತ್ತಿನಲ್ಲಿ ಗುದದ ಹತ್ತಿರ ತಂಪು ಮಿಶ್ರಿತ ಉರಿ ಆಗುತ್ತದೆ. ಎಣ್ಣೆ ಪೂರ್ತಿ ಹೀರಿಕೆಯಾಗದೆ ಕೆಳಗೆ ಇಳಿದಿದೆ ಎಂದರ್ಥ, ಗಾಬರಿ ಬೇಡ. ಪುರಾವೆಯ ವಿಷಯದಲ್ಲಿ ಒಂದು ಮಾತು: 2020ರಲ್ಲಿ ಪ್ರಕಟವಾದ ನೆದರ್‌ಲ್ಯಾಂಡ್ಸ್‌ನ ಅಧ್ಯಯನದಲ್ಲಿ 190 ಜನರಿಗೆ 8 ವಾರ ಕೊಟ್ಟು ನೋಡಿದಾಗ, ಮೊದಲೇ ಗೊತ್ತುಮಾಡಿದ್ದ ಮುಖ್ಯ ಅಳತೆಯಲ್ಲಿ ಪ್ಲಸೀಬೊವನ್ನು (ಔಷಧವಿಲ್ಲದ ನಕಲಿ ಮಾತ್ರೆ) ಮೀರಲಿಲ್ಲ, ನೋವಿನ ಕೆಲವು ಉಪ ಅಳತೆಗಳಲ್ಲಿ ಮಾತ್ರ ಮೀರಿತು. ಹಾಗಾಗಿ ನೋಡಬಹುದಾದ ಔಷಧ, ಖಾತ್ರಿಯ ಔಷಧವಲ್ಲ.

ಪ್ರಶ್ನೆ: ಗ್ಯಾಸ್ಟ್ರೋ ಡಾಕ್ಟರು ನನ್ನನ್ನು ಹಿಪ್ನೋಥೆರಪಿಗೆ ಕಳಿಸುತ್ತೇನೆ ಎನ್ನುತ್ತಾರೆ. ಅಂದರೆ ನನ್ನ ನೋವು ಬರೀ ಮನಸ್ಸಿನದು ಎಂದು ಅವರ ಅಭಿಪ್ರಾಯವೇ?

ಉತ್ತರ: ಅಲ್ಲ. ನಿಮ್ಮ ನೋವು ನಿಜವಾದ ನೋವು. ಐಬಿಎಸ್ ಇರುವವರ ಗುದನಾಳದಲ್ಲಿ ಸಣ್ಣ ಬಲೂನು ಇಟ್ಟು ಗಾಳಿ ತುಂಬಿ ನೋಡಿದ ಪ್ರಯೋಗಗಳಿವೆ. ಬೇರೆಯವರಿಗೆ ಬರೀ ಒತ್ತಡ ಅನ್ನಿಸುವ ಪ್ರಮಾಣದಲ್ಲೇ ಇವರಲ್ಲಿ ಅನೇಕರಿಗೆ ನೋವಾಗುತ್ತದೆ. ಕರುಳಿನಿಂದ ಮಿದುಳಿಗೆ ಹೋಗುವ ಸಂಕೇತದ ಸದ್ದು ಜಾಸ್ತಿಯಾಗಿದೆ. ಅದನ್ನು ತಗ್ಗಿಸುವ ಕೆಲಸವನ್ನು ಮೇಲಿನ ತುದಿಯಿಂದಲೂ ಮಾಡಬಹುದು. ಹಿಪ್ನೋಥೆರಪಿ ಮಾಡುವುದು ಅದನ್ನೇ. ರೋಮ್ 4 ತಜ್ಞರು ಐಬಿಎಸ್ ಅನ್ನು ಕರುಳು-ಮಿದುಳಿನ ಸಂವಹನದ ತೊಂದರೆ ಎಂದೇ ಕರೆದಿದ್ದಾರೆ.

ಇದು ವೇದಿಕೆ ಮೇಲೆ ಜನರನ್ನು ಕುಣಿಸುವ ಸಮ್ಮೋಹನವಲ್ಲ. ಮ್ಯಾಂಚೆಸ್ಟರಿನ ಪೀಟರ್ ವೊರ್ವೆಲ್ ಮತ್ತು ಸಂಗಡಿಗರು 1984ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ 30 ರೋಗಿಗಳ ಅಧ್ಯಯನ ಪ್ರಕಟಿಸಿದರು. ಬೇರೆ ಯಾವುದಕ್ಕೂ ಬಗ್ಗದ ಐಬಿಎಸ್ ಅವರದು. ಈ ಚಿಕಿತ್ಸೆ ಬೆಳೆದದ್ದು ಅಲ್ಲಿಂದ. ಒಂದು ಸರಣಿಯಲ್ಲಿ ಸಾಮಾನ್ಯವಾಗಿ 7ರಿಂದ 12 ಭೇಟಿ, ಒಂದೊಂದು ಅರ್ಧ ಗಂಟೆಯಿಂದ ಒಂದು ಗಂಟೆ. ಕಣ್ಣು ಮುಚ್ಚಿ ಒರಗಿರುತ್ತೀರಿ, ಮೈ ಸಡಿಲಾಗುವ ತನಕ ಚಿಕಿತ್ಸಕರು ಮೆಲ್ಲಗೆ ಮಾತಾಡುತ್ತಾರೆ. ಆಮೇಲೆ ಅಂಗೈಯನ್ನು ಹೊಟ್ಟೆಯ ಮೇಲಿಟ್ಟು ಅದರ ಬಿಸಿ ಒಳಗಿಳಿಯುವುದನ್ನು ಗಮನಿಸಿ ಎನ್ನುತ್ತಾರೆ. ಭೇದಿಯವರಿಗೆ ರಭಸದ ಹೊಳೆ ನಿಧಾನವಾಗುವ ಚಿತ್ರ, ಮಲಬದ್ಧತೆಯವರಿಗೆ ನಿಂತ ನೀರು ಹರಿಯತೊಡಗುವ ಚಿತ್ರ. ಪೂರ್ತಿ ಹೊತ್ತು ಎಚ್ಚರವಿರುತ್ತದೆ, ಬೇಡವೆನಿಸಿದಾಗ ಎದ್ದು ಬರಬಹುದು.

ಸೋಲುವುದು ಎಲ್ಲಿ ಎಂದರೆ ಮನೆಯ ಅಭ್ಯಾಸದಲ್ಲಿ. ಕೊಟ್ಟ ಧ್ವನಿಮುದ್ರಿಕೆಯನ್ನು ದಿನವೂ 15-20 ನಿಮಿಷ ಕೇಳದೆ ವಾರಕ್ಕೊಂದು ಭೇಟಿಯನ್ನೇ ನಂಬಿದರೆ ಗುಣ ನಿಲ್ಲುವುದಿಲ್ಲ. ಎರಡನೇ ಭೇಟಿಗೇ ಬಿಡುವವರೂ ಹೆಚ್ಚು. ಲೆಕ್ಕ ಹಾಕಬೇಕಾದದ್ದು 12 ವಾರಕ್ಕೆ. ಒಬ್ಬರೇ ಚಿಕಿತ್ಸೆ ಪಡೆಯುವುದು ದುಬಾರಿ ಎನಿಸಿದರೆ ಗುಂಪಿನಲ್ಲೂ ಆಗಬಹುದು. 2018ರಲ್ಲಿ ಪ್ರಕಟವಾದ ನೆದರ್‌ಲ್ಯಾಂಡ್ಸ್‌ನ ಇನ್ನೊಂದು ಅಧ್ಯಯನದಲ್ಲಿ ಗುಂಪಿನ ಹಿಪ್ನೋಥೆರಪಿ ಒಬ್ಬೊಬ್ಬರದಕ್ಕಿಂತ ಹಿಂದೆ ಬೀಳಲಿಲ್ಲ. ಚಿಕಿತ್ಸಕರನ್ನು ಕೇಳಬೇಕಾದ್ದು ಒಂದೇ ಪ್ರಶ್ನೆ: ಕರುಳಿಗೆಂದೇ ಇರುವ ಪದ್ಧತಿಯಲ್ಲಿ ತರಬೇತಿ ಆಗಿದೆಯೇ? ಸಿಗರೇಟು ಬಿಡಿಸುವ ಸಮ್ಮೋಹನ ಇದಕ್ಕೆ ನಡೆಯದು. ಮನೋರೋಗಕ್ಕೆ, ಅದರಲ್ಲೂ ಭ್ರಮೆಗಳಿಗೆ ಚಿಕಿತ್ಸೆ ಪಡೆದವರು ಮೊದಲೇ ತಿಳಿಸಬೇಕು.

ಅಮಿಟ್ರಿಪ್ಟಿಲಿನ್ ಮಾತ್ರೆ ಬರೆದಾಗಲೂ "ಖಿನ್ನತೆಯ ಮಾತ್ರೆ ನನಗ್ಯಾಕೆ" ಎಂದು ಇದೇ ತಪ್ಪು ತಿಳಿವಳಿಕೆ ಬರುತ್ತದೆ. ಐಬಿಎಸ್‌ಗೆ ಕೊಡುವುದು ರಾತ್ರಿ 10 ಮಿಲಿಗ್ರಾಂನಿಂದ ಶುರುಮಾಡಿ 30ರವರೆಗೆ. ಖಿನ್ನತೆಗೆ ಕೊಡುವ ಪ್ರಮಾಣಕ್ಕಿಂತ ಎಷ್ಟೋ ಕಡಿಮೆ. ನೋವಿನ ಸಂಕೇತ ತಗ್ಗಿಸುವುದಷ್ಟೇ ಅದರ ಕೆಲಸ. 2023ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಟ್ಲಾಂಟಿಸ್ ಅಧ್ಯಯನದಲ್ಲಿ 463 ಜನರಲ್ಲಿ 6 ತಿಂಗಳು ನೋಡಿದಾಗ ಇದು ಪ್ಲಸೀಬೊಗಿಂತ ಮೇಲಾಯಿತು.

ಪ್ರಶ್ನೆ: ನಾರು ಒಳ್ಳೆಯದೆಂದು ಗೋಧಿ ಹೊಟ್ಟು ಶುರುಮಾಡಿದೆ, ಉಬ್ಬರ ಜಾಸ್ತಿಯಾಯಿತು. ಇಸಬ್‌ಗೋಲ್ ಕೂಡ ಹೀಗೇ ಮಾಡುತ್ತದೆಯೇ?

ಉತ್ತರ: ಎರಡೂ ನಾರೇ, ಆದರೆ ಗುಣ ಬೇರೆ. ಹೊಟ್ಟಿನದು ನೀರಿನಲ್ಲಿ ಕರಗದ ಒರಟು ನಾರು, ಮೊದಲೇ ಸೂಕ್ಷ್ಮವಾದ ಕರುಳನ್ನು ಕೆರಳಿಸುತ್ತದೆ. ಇಸಬ್‌ಗೋಲ್ ನೀರು ಹೀರಿ ಲೋಳೆಯಾಗುತ್ತದೆ, ನಿಧಾನವಾಗಿ ಹುದುಗುವುದರಿಂದ ಗ್ಯಾಸ್ ಕಡಿಮೆ. ಗಟ್ಟಿ ಮಲವನ್ನು ಮೆದುಮಾಡುತ್ತದೆ, ನೀರಾದದ್ದನ್ನು ಕೂಡಿಸುತ್ತದೆ. 2009ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಅಧ್ಯಯನದಲ್ಲಿ 275 ಜನರಿಗೆ 12 ವಾರ ದಿನಕ್ಕೆ 10 ಗ್ರಾಂ ಇಸಬ್‌ಗೋಲ್, ಹೊಟ್ಟು ಅಥವಾ ಅಕ್ಕಿ ಹಿಟ್ಟು ಕೊಟ್ಟರು. ಗುಣ ಕಂಡದ್ದು ಇಸಬ್‌ಗೋಲ್‌ನಲ್ಲಿ. ನಡುವೆಯೇ ಬಿಟ್ಟವರು ಹೆಚ್ಚಿದ್ದದ್ದು ಹೊಟ್ಟಿನ ಗುಂಪಿನಲ್ಲಿ, ಕಾರಣ ತೊಂದರೆ ಜಾಸ್ತಿಯಾದದ್ದು.

ಮೊದಲ ದಿನವೇ 10 ಗ್ರಾಂ ಹಾಕಿದರೆ ಇಸಬ್‌ಗೋಲ್ ಕೂಡ ಉಬ್ಬರ ತರುತ್ತದೆ. 3 ಗ್ರಾಂನಿಂದ ಶುರುಮಾಡಿ. ಸಿಪ್ಪೆಗೂ ಪುಡಿಗೂ ಚಮಚದ ಅಳತೆ ಒಂದೇ ಬರುವುದಿಲ್ಲ, ಒಮ್ಮೆ ತೂಗಿ ನೋಡಿಕೊಳ್ಳಿ. ವಾರಕ್ಕೆ 2-3 ಗ್ರಾಂನಂತೆ ಏರಿಸಿ. 250 ಮಿಲಿಲೀಟರ್ ನೀರಿಗೆ ಹಾಕಿ ಕಲಕಿ, ಕಲಕಿದ ಕೂಡಲೇ ಕುಡಿಯಿರಿ. ಎರಡು ನಿಮಿಷ ಬಿಟ್ಟರೆ ಗಂಟಲಿಗೆ ಅಂಟುವ ಲೋಳೆಯಾಗುತ್ತದೆ. ಮೇಲೆ ಇನ್ನೊಂದು ಲೋಟ ನೀರು. ಒಣ ಪುಡಿಯನ್ನು ಬಾಯಿಗೆ ಹಾಕಿಕೊಂಡು ನೀರು ಕುಡಿಯುವುದು ಅಪಾಯ, ಅನ್ನನಾಳದಲ್ಲೇ ಉಬ್ಬಿ ಸಿಕ್ಕಿಕೊಂಡ ಪ್ರಕರಣಗಳಿವೆ. ನುಂಗಲು ತೊಂದರೆ ಇರುವವರು, ಕರುಳು ಕಿರಿದಾದವರು ತೆಗೆದುಕೊಳ್ಳಲೇಬಾರದು. ಬೇರೆ ಮಾತ್ರೆಗಳಿಗೂ ಇದಕ್ಕೂ 2 ಗಂಟೆ ಅಂತರ ಇರಲಿ.

ಪ್ರಶ್ನೆ: ಫಾಡ್‌ಮ್ಯಾಪ್ ಪಥ್ಯ ಶುರುಮಾಡಿ ಎಂಟು ತಿಂಗಳಾಯಿತು. ಹೊಟ್ಟೆ ಸುಧಾರಿಸಿದೆ, ಆದರೆ ತಿನ್ನುವ ಪಟ್ಟಿ ತೀರಾ ಚಿಕ್ಕದಾಗಿದೆ, ತೂಕವೂ ಇಳಿದಿದೆ. ಮುಂದುವರಿಸಲೇ?

ಉತ್ತರ: ಬೇಡ. ನೀವು ಮೊದಲ ಹಂತದಲ್ಲೇ ನಿಂತಿದ್ದೀರಿ. ಫಾಡ್‌ಮ್ಯಾಪ್ ಎಂದರೆ ಸರಿಯಾಗಿ ಹೀರಿಕೆಯಾಗದೆ ಕರುಳಿನಲ್ಲಿ ಹುದುಗುವ ಕೆಲವು ಬಗೆಯ ಸಕ್ಕರೆಗಳು. ಮೆಲ್ಬರ್ನಿನ ಮೊನಾಶ್ ವಿಶ್ವವಿದ್ಯಾಲಯದವರು ರೂಪಿಸಿದ, ಅವನ್ನು ಬಿಡುವ ಈ ಪಥ್ಯಕ್ಕೆ ಮೂರು ಹಂತ. ಎಲ್ಲ ಬಿಡುವ ಹಂತ ಇರುವುದು 2ರಿಂದ 6 ವಾರ ಮಾತ್ರ. ಅಷ್ಟರಲ್ಲಿ ಗುಣ ಕಾಣದಿದ್ದರೆ ಆಹಾರ ನಿಮ್ಮ ಮುಖ್ಯ ಕಾರಣವಲ್ಲ, ಬಿಟ್ಟುಬಿಡಬೇಕು. ಕಂಡರೆ ಕೂಡಲೇ ಒಂದೊಂದನ್ನೇ ವಾಪಸು ತರಬೇಕು. ದೀರ್ಘಕಾಲ ಮುಂದುವರಿಸಿದರೆ ಪೋಷಣೆ ಕುಸಿಯುತ್ತದೆ, ಕರುಳಿನ ಬೈಫಿಡೊ ಬ್ಯಾಕ್ಟೀರಿಯಾಗಳಿಗೆ ಆಹಾರವಿಲ್ಲದೆ ಅವೂ ಕಡಿಮೆಯಾಗುತ್ತವೆ. ತೂಕ ಇಳಿದದ್ದು ತಿನ್ನುವುದು ಕಡಿಮೆಯಾಗಿದ್ದಕ್ಕೇ ಎಂದು ನೀವೇ ತೀರ್ಮಾನಿಸಬೇಡಿ, ಡಾಕ್ಟರಿಗೂ ತೋರಿಸಿ.

ವಾಪಸು ತರುವ ಕ್ರಮ ಹೀಗಿದೆ. ಉಳಿದೆಲ್ಲ ಪಥ್ಯ ಹಾಗೇ ಇರಲಿ, ಈ ಸಕ್ಕರೆಗಳ ಒಂದು ಗುಂಪಿನ ಒಂದೇ ಪದಾರ್ಥ ಆರಿಸಿ. ಲ್ಯಾಕ್ಟೋಸ್‌ಗೆ ಹಾಲು: ಮೊದಲ ದಿನ 60 ಮಿಲಿಲೀಟರ್, ಎರಡನೇ ದಿನ 125, ಮೂರನೇ ದಿನ 250. ತೊಂದರೆಯಾದ ದಿನವೇ ನಿಲ್ಲಿಸಿ, ಪ್ರಮಾಣ ಬರೆದಿಡಿ. ನಿಮ್ಮ ಮಿತಿ ಅದಕ್ಕಿಂತ ಕೆಳಗಿದೆ. ಆಮೇಲೆ ಎರಡು ಮೂರು ದಿನ ಬಿಡುವು ಕೊಟ್ಟು ಮುಂದಿನ ಗುಂಪು. ಫ್ರಕ್ಟಾನ್‌ಗೆ ಗೋಧಿ, ಈರುಳ್ಳಿ, ಬೆಳ್ಳುಳ್ಳಿಯನ್ನು ಬೇರೆಬೇರೆಯಾಗಿಯೇ ನೋಡಿ. ಗೋಧಿ ಒಗ್ಗಿ ಈರುಳ್ಳಿ ಒಗ್ಗದವರಿದ್ದಾರೆ. ಗ್ಯಾಲಕ್ಟನ್‌ಗೆ ಬೇಳೆಕಾಳು, ಮ್ಯಾನಿಟಾಲ್‌ಗೆ ಅಣಬೆ, ಫ್ರಕ್ಟೋಸ್‌ಗೆ ಜೇನುತುಪ್ಪ.

ಪ್ರಯೋಗ ಕೆಡುವುದು ಮಿಶ್ರ ಆಹಾರದಿಂದ. ಹಾಲು, ಗೋಧಿ, ಈರುಳ್ಳಿ ಮೂರೂ ಇರುವ ಒಂದು ತಿಂಡಿ ತಿಂದು ಹೊಟ್ಟೆ ಕೆಟ್ಟರೆ ಯಾವುದನ್ನು ದೂರುವುದು? ಮುಟ್ಟಿನ ದಿನಗಳಲ್ಲಿ, ಪರೀಕ್ಷೆ ಅಥವಾ ಪ್ರಯಾಣದ ವಾರದಲ್ಲಿ ಹೊಸದೇನನ್ನೂ ಶುರುಮಾಡಬೇಡಿ. ಬೆಳ್ಳುಳ್ಳಿಯ ರುಚಿ ಬಿಡಲಾಗದವರಿಗೆ ಒಂದು ಉಪಾಯ: ಫ್ರಕ್ಟಾನ್ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಇಡೀ ಎಸಳನ್ನು ಎಣ್ಣೆಯಲ್ಲಿ ಹುರಿದು, ಎಸಳನ್ನು ಪೂರ್ತಿ ತೆಗೆದು, ನೀರಿನ ಪದಾರ್ಥ ಆಮೇಲೆ ಹಾಕಿ. ಎಸಳು ಇರುವಾಗಲೇ ನೀರು ಹಾಕಿದರೆ ಈ ಲಾಭ ಹೋಯಿತು.

ಪ್ರಶ್ನೆ: ಅಕ್ಯುಪಂಕ್ಚರಿನಿಂದ ನನಗೆ ಗುಣವಾಗಿದೆ. ಡಾಕ್ಟರು ಅದು ಪ್ಲಸೀಬೊ ಎನ್ನುತ್ತಾರೆ. ನನ್ನ ಅನುಭವ ಸುಳ್ಳೇ? ಪ್ರೊಬಯಾಟಿಕ್ ಬಗ್ಗೆಯೂ ತಿಳಿಸಿ.

ಉತ್ತರ: ಅನುಭವ ಸುಳ್ಳಲ್ಲ. ಗುಣ ಬಂದದ್ದು ಸೂಜಿಯಿಂದಲೋ ಬೇರೆ ಯಾವುದರಿಂದಲೋ ಎನ್ನುವುದಷ್ಟೇ ಪ್ರಶ್ನೆ. ಇದಕ್ಕೆ ಟೆಡ್ ಕ್ಯಾಪ್‌ಚುಕ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಪ್ರತಿಯೊಬ್ಬ ಡಾಕ್ಟರೂ ಓದಬೇಕು. ಐಬಿಎಸ್ ಇದ್ದ 262 ಜನರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಬರೀ ಕಾಯುವ ಸರದಿ. ಎರಡನೆಯದಕ್ಕೆ ಚುಚ್ಚದೇ ಚುಚ್ಚಿದಂತೆ ಕಾಣುವ ನಕಲಿ ಸೂಜಿ, ಮಾತು ಅತಿ ಕಡಿಮೆ. ಮೂರನೆಯದಕ್ಕೆ ಅದೇ ನಕಲಿ ಸೂಜಿ, ಆದರೆ ಚಿಕಿತ್ಸಕರು ಕೂತು ಕೇಳಿಸಿಕೊಂಡರು, ಕಾಳಜಿಯಿಂದ ಮಾತಾಡಿದರು. ಮೂರು ವಾರಕ್ಕೆ ಸಾಕಷ್ಟು ಉಪಶಮನ ಎಂದವರು ಕ್ರಮವಾಗಿ ಶೇ. 28, ಶೇ. 44 ಮತ್ತು ಶೇ. 62. ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಇದ್ದ ವ್ಯತ್ಯಾಸ, ಗಮನ ಕೊಟ್ಟು ಕೇಳಿದ ಮನುಷ್ಯ.

2010ರಲ್ಲಿ ಅದೇ ತಂಡ ಇನ್ನೂ ಮುಂದೆ ಹೋಯಿತು. "ಇದರಲ್ಲಿ ಔಷಧವಿಲ್ಲ" ಎಂದು ಹೇಳಿಯೇ 80 ಜನರಲ್ಲಿ ಅರ್ಧದಷ್ಟು ಮಂದಿಗೆ ಮಾತ್ರೆ ಕೊಟ್ಟರು. ಅವರಲ್ಲಿ ಶೇ. 59 ಮಂದಿ ಸಾಕಷ್ಟು ಉಪಶಮನ ಎಂದರು, ಮಾತ್ರೆಯಿಲ್ಲದ ಗುಂಪಿನಲ್ಲಿ ಶೇ. 35. ಆದ್ದರಿಂದ "ಬರೀ ಪ್ಲಸೀಬೊ" ಎಂದು ಕೈಬೀಸುವ ಮಾತು ಐಬಿಎಸ್ ವಿಷಯದಲ್ಲಿ ಒಪ್ಪತಕ್ಕದ್ದಲ್ಲ. ಹಾಗೆಯೇ ನಕಲಿ ಸೂಜಿಗೆ ಹೋಲಿಸಿದಾಗ ನಿಜವಾದ ಸೂಜಿ ಐಬಿಎಸ್‌ನಲ್ಲಿ ಮೇಲುಗೈ ತೋರಿಸಿಲ್ಲ ಎನ್ನುವುದನ್ನೂ ಒಪ್ಪಬೇಕು. ಕೈಗೆಟಕುವ ಖರ್ಚಿನಲ್ಲಿ, ಒಮ್ಮೆ ಬಳಸಿ ಬಿಸಾಡುವ ಸೂಜಿಯಲ್ಲಿ ನಡೆಯುತ್ತಿದ್ದರೆ, ರಕ್ತ ತೆಳುಮಾಡುವ ಮಾತ್ರೆ ನೀವು ತೆಗೆದುಕೊಳ್ಳುತ್ತಿಲ್ಲವಾದರೆ, ನಿಲ್ಲಿಸಿ ಎಂದು ನಾವು ಹೇಳುವುದಿಲ್ಲ.

ಪ್ರೊಬಯಾಟಿಕ್ ವಿಷಯದಲ್ಲಿ ತಜ್ಞರಲ್ಲೇ ಒಮ್ಮತವಿಲ್ಲ. ಮೇಲೆ ಹೇಳಿದ ಅಮೆರಿಕದ ಮಾರ್ಗಸೂಚಿ ಬೇಡವೆನ್ನುತ್ತದೆ. ಅದೇ 2021ರ ಬ್ರಿಟಿಷ್ ಗ್ಯಾಸ್ಟ್ರೋಎಂಟರಾಲಜಿ ಸೊಸೈಟಿಯದು 12 ವಾರದವರೆಗೆ ನೋಡಿ, ಗುಣವಿಲ್ಲದಿದ್ದರೆ ನಿಲ್ಲಿಸಿ ಎನ್ನುತ್ತದೆ. ನೋಡುವುದಾದರೆ ಒಂದೇ ಉತ್ಪನ್ನ, ಲೇಬಲ್ಲಿನ ಪ್ರಮಾಣದಲ್ಲಿ, ಕನಿಷ್ಠ 4 ವಾರ. ವಾರಕ್ಕೊಂದು ಬ್ರಾಂಡ್ ಬದಲಿಸಿದರೆ ಏನೂ ತಿಳಿಯದು. ರೋಗನಿರೋಧಕ ಶಕ್ತಿ ತೀರಾ ಕುಂದಿದವರು ಕೇಳದೆ ತೆಗೆದುಕೊಳ್ಳಬಾರದು.

ಪ್ರಶ್ನೆ: ಗಿಡಮೂಲಿಕೆ ಪುಡಿಯೊಂದನ್ನು ತೆಗೆದುಕೊಳ್ಳುತ್ತಿದ್ದೇನೆ, ಪೊಟ್ಟಣದ ಮೇಲೆ ಏನಿದೆ ಎಂದು ಬರೆದಿಲ್ಲ. ಡಾಕ್ಟರು ಬೈಯುತ್ತಾರೆಂದು ಹೇಳಿಲ್ಲ. ಹೇಳಲೇಬೇಕೇ?

ಉತ್ತರ: ಹೇಳಲೇಬೇಕು. ಮತ್ತು ಕೆಲವೇ ದಿನ ತೆಗೆದುಕೊಂಡಿದ್ದರೆ, ಹೇಳುವ ತನಕ ಆ ಪುಡಿಯನ್ನು ನಿಲ್ಲಿಸಿ. ಒಳಗೇನಿದೆ ಎಂದು ಗೊತ್ತಿಲ್ಲದ ವಸ್ತುವಿಗೆ ಡಾಕ್ಟರಾದರೂ ಏನು ಹೇಳಲು ಸಾಧ್ಯ? ಹೆಸರಿಲ್ಲದ ಪುಡಿಗಳಲ್ಲಿ ಸೀಸ, ಪಾದರಸ, ಸ್ಟೆರಾಯ್ಡ್ ಸಿಕ್ಕಿರುವುದು ಅಪರೂಪವಲ್ಲ. ಕೆಲವೇ ದಿನದಲ್ಲಿ ಎಲ್ಲ ನೋವೂ ಒಟ್ಟಿಗೆ ಮಾಯವಾಗಿ, ಮುಖ ಊದಿಕೊಂಡು, ಹಸಿವು ಜಾಸ್ತಿಯಾದರೆ ಸ್ಟೆರಾಯ್ಡ್ ಇರಬಹುದು. ಅಂಥದನ್ನು ತಿಂಗಳುಗಟ್ಟಲೆ ತೆಗೆದುಕೊಂಡಿದ್ದರೆ ಒಮ್ಮೆಗೇ ನಿಲ್ಲಿಸುವುದೂ ಅಪಾಯ, ಅದೇ ದಿನ ಡಾಕ್ಟರನ್ನು ನೋಡಿ.

ಹೆಸರು ಗೊತ್ತಿರುವ ಗಿಡಮೂಲಿಕೆಗಳೂ ನಿರುಪದ್ರವಿ ಎಂದಲ್ಲ. ಜ್ಯೇಷ್ಠಮಧು ಹೆಚ್ಚಾದರೆ ರಕ್ತದೊತ್ತಡ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಬಿಪಿ ಮಾತ್ರೆ ನುಂಗುವವರಿಗೆ ಇದು ದೊಡ್ಡ ವಿಷಯ. ಲೋಳೆಸರದ ಎಲೆಯ ಸಿಪ್ಪೆಯ ಕೆಳಗಿನ ಹಳದಿ ಹಾಲು ಜೋರಾದ ಭೇದಿಮದ್ದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2002ರಲ್ಲಿ ಅದನ್ನು ಚೀಟಿಯಿಲ್ಲದೆ ಮಾರುವ ಭೇದಿಮದ್ದುಗಳಿಂದ ತೆಗೆಸಿತು. ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡಮೂಲಿಕೆ ಖಿನ್ನತೆಯ ಮಾತ್ರೆಗಳ ಜೊತೆ ಸೇರಿದರೆ ಮಿದುಳಿನ ರಾಸಾಯನಿಕ ಸೆರೊಟೊನಿನ್ ಅತಿಯಾಗಬಹುದು, ಗರ್ಭನಿರೋಧಕ ಮಾತ್ರೆಯ ಪರಿಣಾಮವನ್ನೂ ತಗ್ಗಿಸುತ್ತದೆ. ಯಾವುದೇ ಗಿಡಮೂಲಿಕೆ ತೆಗೆದುಕೊಳ್ಳುವಾಗ ಕಣ್ಣು ಹಳದಿಯಾದರೆ, ಮೂತ್ರ ಕಪ್ಪಾದರೆ, ಮೈ ತುರಿಸಿದರೆ ಆ ಕ್ಷಣ ನಿಲ್ಲಿಸಿ ಯಕೃತ್ತಿನ ಪರೀಕ್ಷೆ ಮಾಡಿಸಿ. ನೀರು ಹಾಯಿಸಿ ದೊಡ್ಡ ಕರುಳು ತೊಳೆಯುವ ಚಿಕಿತ್ಸೆಯನ್ನಂತೂ ಐಬಿಎಸ್ ಇರುವವರು ಮಾಡಿಸಲೇಬೇಡಿ. ಲವಣಗಳು ಏರುಪೇರಾಗುತ್ತವೆ, ಕರುಳಿಗೆ ತೂತು ಬಿದ್ದ ಪ್ರಕರಣಗಳೂ ಇವೆ.

ಪ್ರಶ್ನೆ: ಡಾಕ್ಟರ ಹತ್ತಿರ ಸಿಗುವುದು ಹತ್ತು ನಿಮಿಷ. ಅಷ್ಟರಲ್ಲಿ ಇದನ್ನೆಲ್ಲ ಹೇಗೆ ಹೇಳುವುದು?

ಉತ್ತರ: ಹೇಳಬೇಡಿ, ಬರೆದುಕೊಂಡು ಹೋಗಿ. ಎರಡು ವಾರದ ದಿನಚರಿ ಒಂದೇ ಹಾಳೆಯಲ್ಲಿ ಹಿಡಿಯುತ್ತದೆ. ದಿನಕ್ಕೊಂದು ಸಾಲು: ನೋವು 0ರಿಂದ 10ರಲ್ಲಿ ಎಷ್ಟು, ಎಷ್ಟು ಸಲ ಹೋದಿರಿ, ಬ್ರಿಸ್ಟಲ್ ಪಟ್ಟಿಯಲ್ಲಿ ಮಲ ಯಾವ ನಮೂನೆ. ಆ ಪಟ್ಟಿಯಲ್ಲಿ 1 ಎಂದರೆ ಬಿಡಿಬಿಡಿ ಗಟ್ಟಿ ಉಂಡೆ, 4 ನಯವಾದ ಉದ್ದನೆಯದು, 7 ಪೂರ್ತಿ ನೀರು. ಇದೇ ಹಾಳೆಯಿಂದ ನಿಮ್ಮದು ಭೇದಿಯ ಐಬಿಎಸ್ಸೋ ಮಲಬದ್ಧತೆಯದೋ ಮಿಶ್ರವೋ ಎಂದು ಡಾಕ್ಟರಿಗೆ ಅರ್ಧ ನಿಮಿಷದಲ್ಲಿ ತಿಳಿಯುತ್ತದೆ.

ಹಾಳೆಯ ಹಿಂದೆ ನೀವು ತೆಗೆದುಕೊಳ್ಳುವ ಎಲ್ಲದರ ಪಟ್ಟಿ ಇರಲಿ: ಮಾತ್ರೆ, ಪುಡಿ, ಕಷಾಯ, ವಿಟಮಿನ್, ಪ್ರಮಾಣದ ಸಮೇತ. ಲೇಬಲ್ಲಿನ ಫೋಟೋ ಮೊಬೈಲಿನಲ್ಲಿದ್ದರೆ ಸಾಕು. ಕೊನೆಯ ಸಾಲಿನಲ್ಲಿ ಒಂದೇ ಕೋರಿಕೆ, ಒಂದೇ ಚಿಕಿತ್ಸೆಯ ಬಗ್ಗೆ. ಎರಡನ್ನು ಒಟ್ಟಿಗೆ ಶುರುಮಾಡಿದರೆ ಗುಣವಾದರೂ ಯಾವುದರಿಂದ ಎಂದು ಗೊತ್ತಾಗುವುದಿಲ್ಲ, ಕೆಟ್ಟರೂ ಅಷ್ಟೇ.

ಡಾಕ್ಟರು ಬೇಡವೆಂದರೆ "ಅಪಾಯವಿದೆ ಎಂದು ಬೇಡವೋ, ಪ್ರಯೋಜನವಿಲ್ಲವೆಂದು ಬೇಡವೋ?" ಎಂದು ಕೇಳಿ. ಈ ಎರಡಕ್ಕೂ ಬಹಳ ವ್ಯತ್ಯಾಸವಿದೆ. ಮೊದಲನೆಯದಾದರೆ ಆ ವಿಷಯ ಅಲ್ಲಿಗೆ ಬಿಡಿ. ಎರಡನೆಯದಾದರೆ, "ನಾಲ್ಕು ವಾರ ನೋಡಿ ದಿನಚರಿಯ ಜೊತೆ ಬರುತ್ತೇನೆ, ಈಗಿನ ಮಾತ್ರೆ ನಿಲ್ಲಿಸುವುದಿಲ್ಲ" ಎಂದು ಹೇಳಿ ಮುಂದಿನ ಭೇಟಿಯ ತಾರೀಖನ್ನು ಅಲ್ಲೇ ಗೊತ್ತುಮಾಡಿಕೊಳ್ಳಿ. ಆ ದಿನ ಹಳೆಯ ಹಾಳೆ ಮತ್ತು ಹೊಸ ಹಾಳೆ ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಡಿ. ನೋವಿನ ಅಂಕಿ ಶೇ. 30ರಷ್ಟು ಇಳಿದಿದ್ದರೆ ಮುಂದುವರಿಸುವ ಮಾತು, ಇಳಿದಿಲ್ಲದಿದ್ದರೆ ಪಟ್ಟಿಯಿಂದ ಅದನ್ನು ಹೊಡೆದು ಮುಂದಿನದರ ಮಾತು.